ಮಲಯಾದ ಪಂಡು

ಎರ್ರಗುಟ್ಟಪಲ್ಲಿಯ ಕೋನಪ್ಪ ಮಲಯಾ ದೇಶದಿಂದ ವಾಪಸು ಬಂದ ದಿನ ಬಾಯಿ ತುಂಬ ಎಲೆಅಡಿಕೆ ಹಾಕಿಕೊಂಡು ಸುಮ್ಮನೆ ಕೂತಿದ್ದರೆ ಅವನಿಗೂ ನೆಮ್ಮದಿ ಇರುತ್ತಿತ್ತು, ಎರಡು ದೇಶಗಳ ಸರ್ಕಾರಕ್ಕೂ ಅಷ್ಟೋ ಇಷ್ಟೋ ಕಾಗದ ಉಳಿಯುತ್ತಿತ್ತು. ಆದರೆ ಹಡಗು ಹತ್ತಿ ಇಳಿದವನ ಬಾಯಿ ಸುಮ್ಮನಿರುವುದುಂಟೆ? ಅದೂ ಊರವರ ಮುಂದೆ ಟ್ರಂಕು ತೆರೆದು ಮರ್ಯಾದೆ ಹೋದ ಮೇಲೆ?

ಟ್ರಂಕಿನ ವಿಷಯ ಮೊದಲು ಹೇಳಬೇಕು. ಎರಡನೇ ಮಹಾಯುದ್ಧ ಮುಗಿದ ಮರುವರ್ಷ ಮದರಾಸಿಗೆ ಹೋಗಿ ಹಡಗು ಹತ್ತಿದ್ದ ಕೋನಪ್ಪ, ಮಲಯಾದ ಒಂದು ರಬ್ಬರ್ ತೋಟದಲ್ಲಿ ಗುಮಾಸ್ತೆಯಾಗಿ ದುಡಿದು, ತಲೆ ಅರ್ಧ ಬೆಳ್ಳಗಾದ ಮೇಲೆ ಊರು ಸೇರಿದ್ದ. ಹೆಂಡತಿ ಮುನಿಶಾಮಮ್ಮ ಅಷ್ಟು ವರ್ಷವೂ ತನ್ನ ಅಣ್ಣ ಬಯ್ಯಪ್ಪನ ಮನೆಯಲ್ಲಿ, ದನದ ಕೊಟ್ಟಿಗೆಗೆ ಅಂಟಿಕೊಂಡ ಕೋಣೆಯಲ್ಲಿದ್ದಳು. ಬಯ್ಯಪ್ಪನ ಜಮೀನು ದೊಡ್ಡದು, ಕೈ ಚಿಕ್ಕದು. ಅತ್ತಿಗೆ ಎಲ್ಲರಿಗೂ ಬಡಿಸಿ ಒಲೆ ಆರುವ ಹೊತ್ತಿಗೆ ಮುನಿಶಾಮಮ್ಮನ ಊಟದ ಸರದಿ ಬರುತ್ತಿತ್ತು. ಅವಳು ಯಾರ ಹತ್ತಿರವೂ ದೂರಿದವಳಲ್ಲ, ಆದರೆ ಸ್ವಂತದ್ದೊಂದು ಒಲೆ ಬೇಕೆಂಬುದು ಅವಳ ಎದೆಯಲ್ಲಿ ಬೇರೂರಿಬಿಟ್ಟಿತ್ತು.

ಗಂಡ ಬಂದಿಳಿದಾಗ ಊರೆಲ್ಲ ಬಯ್ಯಪ್ಪನ ಜಗಲಿಯ ಮೇಲೆ ಸೇರಿತು. ಕೋನಪ್ಪನ ತಲೆಯ ಮೇಲೆ ಹ್ಯಾಟು, ಕೈಯಲ್ಲಿ ಕೊಡೆ. ಟ್ರಂಕು ತೆರೆದರೆ ಹಳೇ ಷರಟು, ಬ್ಯಾಟರಿ ಮುಗಿದ ಟಾರ್ಚು, ಒಂದು ಬಿಸ್ಕತ್ತಿನ ಡಬ್ಬ. ಡಬ್ಬದಲ್ಲಿ ಬಿಸ್ಕತ್ತೂ ಇರಲಿಲ್ಲ, ಸೂಜಿ ದಾರ ಇತ್ತು.

"ಇಷ್ಟೇನಾ ಕೋನಪ್ಪ?" ಎಂದ ಬಯ್ಯಪ್ಪ. "ಸೂಜಿ ತರಕ್ಕೆ ಸಮುದ್ರ ದಾಟಬೇಕಿತ್ತಾ? ಚಿಂತಾಮಣಿ ಸಂತೇಲಿ ಸಿಗ್ತಿತ್ತಲ್ಲಪ್ಪ!"

ಜಗಲಿ ನಕ್ಕಿತು. ಕೋನಪ್ಪನ ಕಿವಿ ಕೆಂಪಾಯಿತು.

"ಎಲ್ಲಾನೂ ಟ್ರಂಕಲ್ಲಿ ತುಂಬ್ಕೊಂಡು ಬರಕ್ಕಾಗ್ತದಾ ಬಾವ? ಅಲ್ಲಿ ನಂದು ಪಂಡ್ ಐತೆ," ಎಂದುಬಿಟ್ಟ.

ಇಲ್ಲಿ ಭಾಷೆಯ ವಿಷಯವಾಗಿ ಒಂದು ಮಾತು. ಅವನು ಹೇಳಹೊರಟದ್ದು ಫಂಡು. ರಬ್ಬರ್ ಕಂಪನಿಯವರು ಅವನ ಸಂಬಳದಲ್ಲಿ ತಿಂಗಳು ತಿಂಗಳೂ ಹಿಡಿದಿಟ್ಟಿದ್ದ ಪ್ರಾವಿಡೆಂಟ್ ಫಂಡು. ನಮ್ಮ ಸೀಮೆಯ ನಾಲಗೆಗೆ ಆ ಫಕಾರ ಒಗ್ಗುವುದಿಲ್ಲವಾದ್ದರಿಂದ ಅದು ಹೊರಬೀಳುವಾಗಲೇ ಪಂಡು ಆಗಿತ್ತು. ಜಗಲಿಯ ಮೇಲಿದ್ದವರೋ ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ ಆಡುವ ಜನ. ತೆಲುಗಿನಲ್ಲಿ ಪಂಡು ಎಂದರೆ ಹಣ್ಣು.

"ಏ ಪಂಡು ನಾಯನಾ?" ಎಂದು ಕೇಳಿದಳು ಪಕ್ಕದ ಮನೆಯ ಮುದುಕಿ ಆಂಜಿನಮ್ಮ. ಯಾವ ಹಣ್ಣು ಮಗನೇ ಎಂದು ಅವಳ ಪ್ರಶ್ನೆ. ಯಾವ ಫಂಡು ಎಂದು ಕೋನಪ್ಪನ ಕಿವಿಗೆ ಬಿತ್ತು.

"ಪ್ರಾವಿಡೆಂಟು ಪಂಡು ಅತ್ತೆ. ನಾನು ತೋಟ ಬಿಟ್ಟು ಬಂದ್ರೂ ಅದು ಅಲ್ಲೇ ಬೆಳೀತಾ ಇರ್ತದೆ."

"ನೋಡ್ಕೊಳ್ಳೋರ್ಯಾರು?" ಎಂದ ಬಯ್ಯಪ್ಪ. ಈ ಸಲ ಅವನ ದನಿಯಲ್ಲಿ ನಗು ಇರಲಿಲ್ಲ.

"ಕಂಪ್ನಿಯೋರು. ನಾನು ಎಷ್ಟು ಹಾಕ್ತಿದ್ನೋ ಅವ್ರೂ ಅಷ್ಟೇ ಹಾಕ್ತಿದ್ರು."

ಗೊಬ್ಬರ, ಎಂದು ಜಗಲಿಯವರು ಒಬ್ಬರಿಗೊಬ್ಬರು ತಲೆಯಾಡಿಸಿದರು.

"ಮತ್ತೆ ಬರೋವಾಗ ತೆಕ್ಕೊಂಡು ಬರ್ಬೋದಿತ್ತಲ್ಲ?"

"ಹಂಗೆಲ್ಲ ಬೇಕಂದಾಗ ತೆಗಿಯಂಗಿಲ್ಲ ಬಾವ. ಮೆಚೂರ್ ಆಗ್ಬೇಕು." ಇಂಗ್ಲಿಷು ಕೇಳಿ ಎಲ್ಲರೂ ಅವನ ಮುಖವನ್ನೇ ನೋಡಿದರು. ಆ ನೋಟ ಕೋನಪ್ಪನಿಗೆ ಬಹಳ ಹಿತವಾಯಿತು. ಗಂಟಲು ಸರಿಮಾಡಿಕೊಂಡು ಅರ್ಥವನ್ನೂ ತಾನೇ ದಯಪಾಲಿಸಿದ. "ಮೆಚೂರ್ ಅಂದ್ರೆ, ಮಾಗೋದು."

ಅಲ್ಲಿಗೆ ಮುಗಿಯಿತು. ತೋಟ ಅಂದ, ಪಂಡು ಅಂದ, ಬೆಳೀತದೆ ಅಂದ, ಮಾಗಬೇಕು ಅಂದ. ಸಂಜೆ ದನ ಮನೆಗೆ ಬರುವಷ್ಟರಲ್ಲಿ ಕೋನಪ್ಪನಿಗೆ ಮಲಯಾದಲ್ಲಿ ಹಣ್ಣಿನ ತೋಟವಿದೆ ಎಂಬುದು ಸುತ್ತಲ ಹಳ್ಳಿಗಳಿಗೆಲ್ಲ ಗೊತ್ತಾಗಿತ್ತು.

ಆಮೇಲಾದರೂ ಯಾರಾದರೂ ನೇರವಾಗಿ ಕೇಳಿದ್ದರೆ ವಿಷಯ ಬಯಲಾಗುತ್ತಿತ್ತು. ಆದರೆ ಮಾಗದ ಫಲದ ಮಾತು ಎತ್ತಿದರೆ ದೃಷ್ಟಿ ತಾಕುತ್ತದೆಂದು ಊರವರು ಅವನ ಮುಂದೆ ತುಟಿ ಬಿಚ್ಚಲಿಲ್ಲ. ಬೆನ್ನ ಹಿಂದೆ ಮಾತ್ರ ಚರ್ಚೆ ಜೋರಾಗಿತ್ತು. ಪ್ರಾವಿಡೆಂಟು ಪಂಡು ಹಲಸಿನ ಜಾತಿಯದು, ಒಂದೊಂದು ಹಣ್ಣು ಎತ್ತಲು ಇಬ್ಬರು ಆಳು ಬೇಕು ಎಂದು ಬಯ್ಯಪ್ಪ. ಅಲ್ಲ, ಅದು ಸೀತಾಫಲದ ಥರ, ಬೀಜ ಜಾಸ್ತಿ ಎಂದು ಆಂಜಿನಮ್ಮ. ಇಬ್ಬರಿಗೂ ಇದೇ ವಿಷಯಕ್ಕೆ ಮಾತು ಬಿಟ್ಟಿತು.

ಮಾರನೆಯ ದಿನದಿಂದ ಕೋನಪ್ಪನ ರಾಗಿಮುದ್ದೆಯ ಮೇಲೆ ತುಪ್ಪ ಬಿತ್ತು. "ಏನೋ ಕೋನಪ್ಪ" ಎನ್ನುತ್ತಿದ್ದ ಬಯ್ಯಪ್ಪ "ಬಾವನೋರು" ಎನ್ನತೊಡಗಿದ. ಕೊಟ್ಟಿಗೆಯ ಪಕ್ಕದಿಂದ ನಡುಮನೆಗೆ ಹಾಸಿಗೆ ಬಂತು. ಸಂಬಳದಲ್ಲಿ ಅಷ್ಟಿಷ್ಟು ಹಿಡಿಸಿದ್ದಕ್ಕೆ ಇಷ್ಟೊಂದು ಗೌರವವೇ ಎಂದು ಕೋನಪ್ಪನಿಗೆ ಜನರ ಮೇಲೆ ಪ್ರೀತಿ ಉಕ್ಕಿತು. ಉಳಿತಾಯದ ಬೆಲೆ ತಿಳಿದ ಊರು ಎಂದುಕೊಂಡ.

ಅಷ್ಟರಲ್ಲಿ ಚಿಂತಾಮಣಿಯಲ್ಲಿ ಒಂದು ಪುಟ್ಟ ಮನೆ ಮಾರಾಟಕ್ಕೆ ಬಂತು. ಅದರ ಯಜಮಾನ ಆವಲಪ್ಪ ಗೌರಿಬಿದನೂರಿನ ಮಗಳ ಮನೆಗೆ ಹೊರಟಿದ್ದ, ಪರಿಚಯಸ್ಥ. "ಯುಗಾದಿವರೆಗೂ ಕಾಯ್ತೀನಿ, ಆಮೇಲೆ ನನ್ನ ಕೇಳಬೇಡಿ" ಎಂದ. ಮುನಿಶಾಮಮ್ಮ ಗಂಡನ ಜೊತೆ ಹೋಗಿ ನೋಡಿದಳು. ಬಾಗಿಲು, ಕಿಟಕಿ, ಅಂಗಳ ಯಾವುದನ್ನೂ ನೋಡದೆ ನೇರ ಅಡಿಗೆಮನೆಗೆ ಹೋಗಿ ಒಲೆಯ ಕಟ್ಟೆಯ ಮೇಲೆ ಕೈಯಿಟ್ಟು ನಿಂತಳು. ಬಹಳ ಹೊತ್ತು ನಿಂತಳು. ಇವಳಿಗೆ ಈ ಮನೆ ಕೊಡಿಸದಿದ್ದರೆ ತಾನು ಹಡಗು ಹತ್ತಿದ್ದೂ ದಂಡ, ಇಳಿದದ್ದೂ ದಂಡ ಎಂದು ಕೋನಪ್ಪನಿಗೆ ಸಂಕಟವಾಯಿತು.

ಅವತ್ತೇ ಮಲಯಾದ ಕಂಪನಿಗೆ ಬರೆದ. ಕಂಪನಿಯವರು ಮರ್ಯಾದೆಯಾಗಿ ಉತ್ತರ ಬರೆದರು. ಐವತ್ತೈದು ವರ್ಷ ತುಂಬುವ ಮೊದಲು ಫಂಡು ಕೊಡುವುದಿಲ್ಲ. ಆದರೆ ಮಲಯಾ ಬಿಟ್ಟು ಶಾಶ್ವತವಾಗಿ ಹೋದವರಿಗೆ ಮುಂಚೆಯೇ ಕೊಡಬಹುದು. ನೀನು ಪೂರ್ತಿ ಹೋಗಿರುವೆ, ಇಲ್ಲಿ ನಿನಗೆ ಹೊಲ ಮನೆ ತೋಟ ಏನೂ ಉಳಿದಿಲ್ಲ ಎಂದು ನಿನ್ನ ಊರಿನ ಅಧಿಕಾರಿಗಳಿಂದ ಬರೆಸಿ ಕಳಿಸು.

ಊರಿನ ಅಧಿಕಾರಿ ಎಂದರೆ ಶಾನುಭೋಗರು. ಅವರಿಗೆ ಗೊತ್ತಿಲ್ಲದ ವಿಷಯವೂ ಇದೆ ಎಂದು ಊರಿನಲ್ಲಿ ಯಾರೂ ಹೇಳಿರಲಿಲ್ಲ, ಮುಖ್ಯವಾಗಿ ಶಾನುಭೋಗರೇ ಹೇಳಿರಲಿಲ್ಲ. ಕನ್ನಡಕ ಏರಿಸಿ ಕೇಳಿದರು.

"ಅಲ್ಲಿ ನಿನಗೆ ಏನೇನಿದೆಯಪ್ಪ?"

"ಪಂಡು ಬಿಟ್ರೆ ಇನ್ನೇನೂ ಇಲ್ಲ ಸ್ವಾಮಿ."

"ಪಂಡು ಬಿಟ್ಟು," ಎಂದು ಶಾನುಭೋಗರು ಬರೆದುಕೊಂಡರು. "ನಾನೂ ಕೇಳಿದ್ದೀನಿ. ಒಳ್ಳೇದು. ಮುಚ್ಚಿಡದೆ ಹೇಳಿದೆಯಲ್ಲ, ಅದು ದೊಡ್ಡ ಗುಣ."

ಅವರು ಬರೆದ ಕನ್ನಡಕ್ಕೆ ಮೇಲಿನ ಕಛೇರಿಯಲ್ಲಿ ಇಂಗ್ಲಿಷು ಹತ್ತಿತು, ಅದಕ್ಕೆ ಮೊಹರು ಬಿತ್ತು, ಒಂದು ನಕಲು ತೆರಿಗೆ ಇಲಾಖೆಗೆ ಹೋಯಿತು, ಅರಗು ಹಾಕಿದ ಲಕೋಟೆಯಲ್ಲಿ ಅಸಲು ಸಮುದ್ರ ದಾಟಿತು. ಕೋನಪ್ಪ ಆ ಲಕೋಟೆಯನ್ನು ಊರವರಿಗೆಲ್ಲ ಹೊರಗಿನಿಂದ ತೋರಿಸಿ ಟಪಾಲಿಗೆ ಹಾಕಿದ್ದ.

ಉತ್ತರ ಬಂತು. ಒಂದಲ್ಲ, ಎರಡು. ಮೊದಲನೆಯದು ಮಲಯಾದಿಂದ: 'ತಮಗೆ ಈ ದೇಶದಲ್ಲಿ ಹಣ್ಣಿನ ತೋಟವಿರುವುದಾಗಿ ತಮ್ಮ ಸರ್ಕಾರವೇ ದೃಢೀಕರಿಸಿದೆ. ಆದ್ದರಿಂದ ತಾವು ದೇಶ ಬಿಟ್ಟು ಹೋಗಿದ್ದೀರೆಂದು ನಂಬಲಾಗುವುದಿಲ್ಲ. ಫಂಡು ತಡೆಹಿಡಿಯಲಾಗಿದೆ. ಸದರಿ ತೋಟಕ್ಕೆ ಇಲ್ಲಿ ತೆರಿಗೆ ಕಟ್ಟಿರುವಿರಾ?' ಎರಡನೆಯದು ಇಲ್ಲಿನ ತೆರಿಗೆ ಇಲಾಖೆಯಿಂದ: 'ತಾವು ಈಗ ಈ ದೇಶದಲ್ಲಿ ಖಾಯಂ ವಾಸವಿದ್ದು, ಪರದೇಶದ ತೋಟದ ಆದಾಯವನ್ನು ತಿಳಿಸದೆ ಇರುತ್ತೀರಿ. ಕ್ಯಾಂಪಿನಲ್ಲಿ ಹಾಜರಾಗತಕ್ಕದ್ದು.'

ಕೋನಪ್ಪ ಎರಡೂ ಕಾಗದ ಹಿಡಿದು ಅಂಗಳದಲ್ಲಿ ಗಿರಗಿರನೆ ತಿರುಗಿದ. ಅಲ್ಲಿ ಇದ್ದೀಯ ಎಂದು ಅಲ್ಲಿಯವರು, ಇಲ್ಲಿ ಇದ್ದೀಯ ಎಂದು ಇಲ್ಲಿಯವರು! "ಯಾವ ತೋಟ? ಯಾವನ ಹಣ್ಣು?" ಎಂದು ಕೂಗಿದ. ಬಯ್ಯಪ್ಪ ಓಡಿಬಂದು ಅವನ ಬಾಯಿ ಮುಚ್ಚಿದ.

"ಮೆಲ್ಲಗೆ ಬಾವನೋರೆ! ಇದೇ ಮಾತು ಸಾಹೇಬರ ಮುಂದೆ ಹೇಳಿ. ಸಾಕ್ಷಿಗೆ ನಾವೆಲ್ಲ ಬರ್ತೀವಿ."

ಹೇಳಿದಂತೆ ಬಂದರು. ಚಿಕ್ಕಬಳ್ಳಾಪುರದ ಕಡೆಯಿಂದ ಚಿಂತಾಮಣಿಗೆ ಕ್ಯಾಂಪು ಬಂದಿದ್ದ ತೆರಿಗೆ ಸಾಹೇಬರು ಮುಸಾಫರಿ ಬಂಗಲೆಯ ವರಾಂಡದಲ್ಲಿ ಮೇಜು ಹಾಕಿಸಿ ಕೂತಿದ್ದರು. ಮೈಸೂರಿನ ಮನುಷ್ಯ, ತೆಲುಗು ಬಾರದು. ಎದುರಿಗೆ ಕೋನಪ್ಪ, ಅವನ ಹಿಂದೆ ಅರ್ಧ ಊರು.

"ತೋಟ ಎಷ್ಟು ಎಕರೆ?"

"ತೋಟ ಇಲ್ಲ ಸ್ವಾಮಿ."

"ಎಲ್ಲರೂ ಹಾಗೇ ಹೇಳೋದು. ಎಷ್ಟು ಎಕರೆ ಇಲ್ಲ? ಅದನ್ನ ಹೇಳಿ."

ಬಯ್ಯಪ್ಪ ಮುಂದೆ ಬಂದು ಕೈಮುಗಿದ. "ಬಾವನೋರು ಸಂಕೋಚದ ಮನುಷ್ಯ ಸ್ವಾಮಿ. ಹೆಚ್ಚಿಲ್ಲ, ಒಂದೆರಡು ಎಕರೆ ಅಷ್ಟೇ. ಅದೂ ಬರೀ ಕಲ್ಲು."

"ಬಾವ! ನೀವು ಯಾವಾಗ ನೋಡಿದ್ರಿ?"

"ಸುಮ್ಕಿರಿ, ತೆರಿಗೆ ಕಮ್ಮಿ ಮಾಡಿಸ್ತಾ ಇದ್ದೀನಿ," ಎಂದು ಬಯ್ಯಪ್ಪ ಅವನ ಕಿವಿಯಲ್ಲಿ ಹೇಳಿದ.

ಬಯ್ಯಪ್ಪನಿಗೆ ತಾನೇನು ಕಡಿಮೆ ಎಂದು ಆಂಜಿನಮ್ಮನೂ ಸೆರಗು ಸರಿಮಾಡಿಕೊಂಡು ಬಂದಳು. "ಫಲಾನೂ ಅಷ್ಟಕ್ಕಷ್ಟೇ ದೊರೆ. ವಿಪರೀತ ಕೋತಿ ಕಾಟ. ಅರ್ಧಕ್ಕರ್ಧ ಅವೇ ತಿಂದು ಹಾಕ್ತವೆ."

"ಒಂದೆರಡು ಎಕರೆ. ಕಲ್ಲು. ಕೋತಿ ಕಾಟ," ಎಂದು ಸಾಹೇಬರು ಬರೆದುಕೊಳ್ಳುತ್ತ ಹೋದರು. ಕೋನಪ್ಪ ತಲೆಯ ಮೇಲೆ ಕೈಹೊತ್ತು ನಿಂತಿದ್ದ. "ಯಾವ ಹಣ್ಣು?" ಎಂದರು ಸಾಹೇಬರು.

"ಪ್ರಾವಿಡೆಂಟು ಪಂಡು ಸ್ವಾಮಿ!" ಎಂದು ಊರೆಲ್ಲ ಒಟ್ಟಿಗೆ ಹೇಳಿತು.

ಸಾಹೇಬರ ಪೆನ್ನು ನಿಂತಿತು. "ಏನಂದ್ರಿ?"

"ಪಂಡು ದೊರೆ. ಪಂಡು ಅಂದ್ರೆ ಪಂಡೇ. ಹಣ್ಣು!" ಎಂದಳು ಆಂಜಿನಮ್ಮ, ಓದಿದವರಿಗೆ ಇಷ್ಟೂ ತಿಳಿಯದೆ ಎಂದು ಮರುಕಪಟ್ಟು.

ಕೋನಪ್ಪ ನಿಧಾನವಾಗಿ ಅವಳ ಕಡೆ ತಿರುಗಿದ. ತುಪ್ಪ, ನಡುಮನೆಯ ಹಾಸಿಗೆ, ಬಾವನೋರು, ಪಂಡು ಬಿಟ್ಟು ಎಂದು ಬರೆದುಕೊಂಡ ಶಾನುಭೋಗರು, ಎಲ್ಲ ಒಂದೇ ಸಲಕ್ಕೆ ಅವನ ತಲೆಗೆ ಹೊಕ್ಕಿತು. "ಅಯ್ಯೋ ನನ್ನ ಹಣೆಬರಹವೇ!" ಎಂದು ವರಾಂಡದ ಮೆಟ್ಟಿಲ ಮೇಲೆ ಕುಸಿದು ಕೂತ.

ಸಾಹೇಬರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು, ಅರ್ಥವಾದ ಮೇಲೆ ನಗು ನಿಲ್ಲಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಬರೆದದ್ದನ್ನೆಲ್ಲ ಹೊಡೆದುಹಾಕಿದರು. "ತೋಟದ ತೆರಿಗೆ ಬೇಡ, ಹೋಗಿ. ನಿಮ್ಮ ಫಂಡು ಬಂದಾಗ ಬನ್ನಿ, ಅದಕ್ಕೆ ಬೇರೆ ಲೆಕ್ಕ ಇದೆ."

"ಹಂಗಾದ್ರೆ ತೋಟ ಇಲ್ಲ ಅಂತ ಮಲಯಾಕ್ಕೆ ಒಂದು ಮಾತು ಬರೆದುಕೊಡಿ ಸ್ವಾಮಿ."

"ಅದು ನನ್ನ ಇಲಾಖೆ ಅಲ್ಲವಲ್ಲ. ಯಾರು ಇದೆ ಅಂತ ಬರೆದರೋ ಅವರೇ ಇಲ್ಲ ಅಂತ ಬರೀಬೇಕು."

ದಾರಿಯುದ್ದಕ್ಕೂ ಕೋನಪ್ಪ ಊರವರಿಗೆ ಫಕಾರ ಪಕಾರಗಳ ವ್ಯತ್ಯಾಸ ಬಿಡಿಸಿ ಹೇಳಿದ. ಒಬ್ಬರಾದರೂ ನಂಬಿದರೆ ಕೇಳಿ. "ಸಾಹೇಬರನ್ನ ನಗಿಸಿಯೇ ತೆರಿಗೆ ಹೊಡೆಸಿಹಾಕಿದ್ರಲ್ಲ! ಎಂಥಾ ತಲೆ!" ಎಂದು ಬಯ್ಯಪ್ಪ ಬಸ್ಸಿನಲ್ಲಿ ಎಲ್ಲರಿಗೂ ಕೇಳುವಂತೆ ಹೊಗಳಿದ.

ಶಾನುಭೋಗರು ವಿಷಯವನ್ನೆಲ್ಲ ತಾಳ್ಮೆಯಿಂದ ಕೇಳಿದರು. ಆಮೇಲೆ ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿದರು.

"ನೋಡಪ್ಪ, ತೋಟ ಇಲ್ಲ ಅಂತ ಬರೆದರೆ ಮೊದಲು ಬರೆದದ್ದು ಸುಳ್ಳಾಯ್ತು. ಸರ್ಕಾರಿ ಪುಸ್ತಕದಲ್ಲಿ ನಾನು ಸುಳ್ಳು ಬರೆದೆ ಅಂತಾಯ್ತು. ನನಗೂ ಮಕ್ಕಳು ಮರಿ ಇದಾವೆ."

"ಆದ್ರೆ ತೋಟ ಇಲ್ವಲ್ಲ ಸ್ವಾಮಿ!"

"ಇಲ್ಲ ಅಂತ ನೀನು ಹೇಳ್ತೀಯ, ಇದೆ ಅಂತ ಪುಸ್ತಕ ಹೇಳ್ತದೆ. ಆಸ್ತಿ ಒಬ್ಬನ ಹೆಸರಿಂದ ಹೋಗಬೇಕಾದರೆ ಇರೋದು ಎರಡೇ ದಾರಿ. ಮಾರಬೇಕು, ಇಲ್ಲ ಸಾಯಬೇಕು. ನಿನಗೆ ಯಾವುದು ಅನುಕೂಲವೋ ನೋಡ್ಕೊ. ಕ್ರಯಪತ್ರ ತಂದರೆ ಆವತ್ತೇ ನಿನ್ನ ಹೆಸರಲ್ಲಿ ಏನೂ ಇಲ್ಲ ಅಂತ ಬರೆದುಕೊಡ್ತೀನಿ, ಅದು ನಿಜವೂ ಆಗ್ತದೆ."

ಯುಗಾದಿ ಹತ್ತಿರ ಬರುತ್ತಿತ್ತು. ಸಾಯುವುದು ತಡವಾದೀತೆಂದು ಕೋನಪ್ಪ ಮಾರುವುದಕ್ಕೆ ಒಪ್ಪಿ ಬಯ್ಯಪ್ಪನ ಹತ್ತಿರ ಹೋದ.

"ಬಾವ, ನನ್ನ ಮಲಯಾದ ತೋಟ ನಿಮಗೆ ಕೊಡ್ತೀನಿ. ಒಂದು ರೂಪಾಯಿ ಕೊಡಿ ಸಾಕು."

ಬಯ್ಯಪ್ಪ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಒಂದು ರೂಪಾಯ್ಗಾ? ಅದರ ಮೇಲೆ ಸಾಲ ಎಷ್ಟೈತೆ?"

"ಸಾಲ ಇಲ್ಲ. ತೋಟಾನೇ ಇಲ್ಲ!"

"ವ್ಯಾಜ್ಯ ಐತಾ?"

"ತೋಟ ಇಲ್ಲ ಅಂತ ತಾನೇ ನಾನು ಬಡ್ಕೊಳ್ತಾ ಇರೋದು!"

"ಮಾರೋನೇ ಮಾಲು ಇಲ್ಲ ಅಂತಾನಲ್ಲ," ಎಂದು ಬಯ್ಯಪ್ಪ ಗಲ್ಲ ಕೆರೆದುಕೊಂಡ. "ಇದರಲ್ಲಿ ಏನೋ ದೊಡ್ಡ ಮೋಸ ಐತೆ ಬಾವನೋರೆ. ನಂಗೆ ಬೇಡಪ್ಪ." ಕೋನಪ್ಪ ಪುಕ್ಕಟೆ ಕೊಡುತ್ತೇನೆಂದ. ಬಯ್ಯಪ್ಪನ ಅನುಮಾನ ಇನ್ನೂ ಗಟ್ಟಿಯಾಯಿತು. ಹೊಲದ ಕಡೆ ಕೆಲಸವಿದೆ ಎಂದು ಎದ್ದು ಹೋದವನು ಮೂರು ಸಂಜೆ ಕಳೆದರೂ ಕೋನಪ್ಪನ ಎದುರಿಗೆ ಬರಲಿಲ್ಲ.

ಕೋನಪ್ಪ ಕೊಟ್ಟಿಗೆಯ ಗೋಡೆಗೆ ಒರಗಿ ಕೂತ. ಆವಲಪ್ಪನ ಮನೆ ಕೈಬಿಟ್ಟುಹೋಯಿತೆಂದೇ ಅವನಿಗನಿಸಿತು, ದುಃಖ ತಡೆಯಲಾಗಲಿಲ್ಲ. ಮುನಿಶಾಮಮ್ಮ ಹಾಲು ಕರೆದ ಚೊಂಬನ್ನು ಕೆಳಗಿಟ್ಟು ಅವನ ಎದುರಿಗೆ ಬಂದು ನಿಂತಳು. ಸೆರಗಿನ ಗಂಟು ಬಿಚ್ಚಿದಳು. ಅದರಲ್ಲಿ ಹಾಲು ಮಾರಿ ಕೂಡಿಟ್ಟ ಚಿಲ್ಲರೆ ಇತ್ತು.

"ನಾನು ತೊಗೊಳ್ತೀನಿ, ನಡೀರಿ," ಎಂದಳು.

ಶಾನುಭೋಗರ ಜಗಲಿಯ ಮೇಲೆ ಛಾಪಾ ಕಾಗದ ಬಿಚ್ಚಿಕೊಂಡಿತು. ಮೋಸ ತನ್ನ ತಲೆಗೆ ಬರುವುದಿಲ್ಲವೆಂದು ಖಾತ್ರಿಯಾದ ಮೇಲೆ ಬಯ್ಯಪ್ಪ ಸಾಕ್ಷಿ ಹಾಕಲು ಬಂದ. ಊರೂ ಬಂತು. ಎಲ್ಲ ಸಲೀಸಾಗಿ ಸಾಗಿತು, ಚೆಕ್ಕುಬಂದಿಯ ತನಕ.

"ತೋಟದ ನಾಲ್ಕು ಕಡೆ ಏನೇನಿದೆ ಹೇಳು," ಎಂದರು ಶಾನುಭೋಗರು. "ಪೂರ್ವಕ್ಕೆ?"

"ಇಲ್ಲದ ತೋಟಕ್ಕೆ ಪೂರ್ವ ಯಾವುದು ಸ್ವಾಮಿ!"

"ಚೆಕ್ಕುಬಂದಿ ಇಲ್ಲದೆ ಕ್ರಯ ಆಗಲ್ಲ. ಪೂರ್ವಕ್ಕೆ?"

ಕೋನಪ್ಪನ ಸಹನೆ ಮೀರಿತು. ಎದ್ದು ನಿಂತು ಎರಡೂ ಕೈ ಬೀಸಿ ಕೂಗಿದ. "ಬರ್ಕೊಳ್ಳಿ! ಪೂರ್ವಕ್ಕೆ ಸಮುದ್ರ! ಪಶ್ಚಿಮಕ್ಕೂ ಸಮುದ್ರ! ಉತ್ತರಕ್ಕೆ ಸಯಾಮು! ದಕ್ಷಿಣಕ್ಕೆ ಸಿಂಗಪುರ! ಸಾಕಾ?"

ಶಾನುಭೋಗರು ಒಂದಕ್ಷರ ಬಿಡದೆ ಬರೆದರು. ಆ ಕ್ರಯಪತ್ರದ ಪ್ರಕಾರ ಅವತ್ತು ಮಧ್ಯಾಹ್ನ ಮುನಿಶಾಮಮ್ಮ ಇಡೀ ಮಲಯಾ ದೇಶವನ್ನು ಹಾಲಿನ ಚಿಲ್ಲರೆಗೆ ಕೊಂಡಳು. ಒಂದು ರೂಪಾಯಿಗೆ ಬೇಡವೆಂದಿದ್ದ ಬಯ್ಯಪ್ಪ ಸಾಕ್ಷಿಯ ಜಾಗದಲ್ಲಿ ರುಜು ಹಾಕುವ ಮೊದಲು ಚೆಕ್ಕುಬಂದಿಯನ್ನು ಎರಡು ಸಲ ಓದಿಸಿ ಕೇಳಿದ.

ಹೊಸ ಕಾಗದ ಸಮುದ್ರ ದಾಟಿತು. ಈ ಮನುಷ್ಯನಿಗೆ ಎಲ್ಲೂ ಏನೂ ಇಲ್ಲವೆಂದು ಅದರಲ್ಲಿ ಸ್ಪಷ್ಟವಾಗಿತ್ತು. ಅಲ್ಲಿಯವರು ಅಷ್ಟು ಮುರಿದುಕೊಂಡು, ಇಲ್ಲಿಯವರು ಇಷ್ಟು ಮುರಿದುಕೊಂಡು, ಉಳಿದದ್ದು ಯುಗಾದಿಗೆ ಮುಂಚೆ ಕೋನಪ್ಪನ ಕೈಸೇರಿತು. ಆವಲಪ್ಪನ ಮನೆ ಕೊಳ್ಳುವಷ್ಟಿತ್ತು. ಹಬ್ಬದ ದಿನ ಮುನಿಶಾಮಮ್ಮ ತನ್ನ ಒಲೆ ಹಚ್ಚಿ ಹಾಲು ಉಕ್ಕಿಸಿದಳು. ಹಾಲು ಪೂರ್ತಿ ಚೆಲ್ಲಿಹೋದರೂ ಇಳಿಸದೆ ನೋಡುತ್ತ ನಿಂತಿದ್ದಳು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಮುಂದಿನ ಸುಗ್ಗಿ ಮುಗಿಯುತ್ತಲೇ ಶಾನುಭೋಗರು ಚಿಂತಾಮಣಿಗೆ ಬಂದು ಬಾಗಿಲು ತಟ್ಟಿದರು. ಪುಸ್ತಕದಲ್ಲಿರುವ ತೋಟಕ್ಕೆ ಕಂದಾಯ ಕಟ್ಟಬೇಕಂತೆ. ಮುನಿಶಾಮಮ್ಮ ಮರುಮಾತಾಡದೆ ಕಟ್ಟಿ, ರಸೀತಿ ಈಸಿಕೊಂಡು, ಅವರಿಗೆ ಕಾಫಿ ಕೊಟ್ಟು ಕಳಿಸಿದಳು. ಕೋನಪ್ಪ ಹಣೆ ಚಚ್ಚಿಕೊಂಡ.

"ಇಲ್ಲದ ತೋಟಕ್ಕೆ ಕಂದಾಯ ಕಟ್ತೀಯಲ್ಲೇ! ಅದು ಫಂಡು ಕಣೇ, ಪಂಡಲ್ಲ! ತೋಟಾನೂ ಇಲ್ಲ, ಗಿಡಾನೂ ಇಲ್ಲ. ಇನ್ನೂ ಗೊತ್ತಾಗ್ಲಿಲ್ವಾ ನಿಂಗೆ?"

"ನಂಗ್ಯಾಕೆ ಗೊತ್ತಿಲ್ಲ? ನೀವು ಟ್ರಂಕು ತೆಗೆದ ದಿನಾನೇ ಗೊತ್ತಾಯ್ತು. ಸಂಬಳದಲ್ಲಿ ಪಂಡಿಗೆ ಹಿಡೀತಾರೆ ಅಂತ ಅಲ್ಲಿಂದ ಕಾಗದ ಕಾಗದದಲ್ಲೂ ಬರೀತಿರ್ಲಿಲ್ವಾ ನೀವು?"

ಕೋನಪ್ಪ ಹಣೆಯ ಮೇಲಿನ ಕೈ ಇಳಿಸಿದ. "ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ?"

"ಅವತ್ತು ರಾತ್ರಿ ಅತ್ತಿಗೆ ನಂಗೆ ಮೊದಲು ಬಡಿಸಿದ್ರು," ಎಂದಳು ಮುನಿಶಾಮಮ್ಮ. "ಅಷ್ಟು ವರ್ಷದಲ್ಲಿ ಅದೇ ಮೊದಲು. ಬಾಯಿ ಬಿಡಕ್ಕೆ ಮನಸ್ಸು ಬರ್ಲಿಲ್ಲ."

ಕೋನಪ್ಪ ಕೆಮ್ಮಿದ. ಕೊಡೆಯನ್ನು ಆ ಮೂಲೆಯಿಂದ ಈ ಮೂಲೆಗೆ ತೆಗೆದಿಟ್ಟ. "ಆಗಿದ್ದಾಯ್ತು. ಈಗ್ಲಾದ್ರೂ ನಿಮ್ಮಣ್ಣಂಗೆ ನಿಜ ಹೇಳಿ ಮುಗಿಸಣ."

"ಹೇಳಕ್ಕೆ ನೀವ್ಯಾರು?" ಅವಳು ರಸೀತಿಯನ್ನು ದೇವರ ಪಟದ ಹಿಂದೆ ಸಿಕ್ಕಿಸಿದಳು. "ನೀವು ಮಾರಿ ಆಯ್ತಲ್ಲ. ತೋಟ ನಂದು."

ಅದೇ ಹೊತ್ತಿಗೆ ಬಾಗಿಲಲ್ಲಿ ಬಯ್ಯಪ್ಪನ ಕೆಮ್ಮು ಕೇಳಿಸಿತು. ಈಗೀಗ ಅವನು ತಂಗಿಯ ಮನೆಗೆ ಬಂದರೆ ಚಪ್ಪಲಿ ದೂರದಲ್ಲೇ ಬಿಟ್ಟು, ಕರೆಯುವ ತನಕ ಹೊಸಲು ದಾಟುತ್ತಿರಲಿಲ್ಲ. ಕೈಯಲ್ಲಿ ಒಂದು ಗಡಿಗೆ ತುಪ್ಪ ಹಿಡಿದಿದ್ದ.

"ಎಲ್ಲಾ ಚೆನ್ನಾಗಿದ್ದೀರ ಅಮ್ಮಯ್ಯ?" ಎಂದ. ದೃಷ್ಟಿಯಾಗದ ಹಾಗೆ ದನಿ ತಗ್ಗಿಸಿ ಕೇಳಿದ. "ಅಲ್ಲಿ... ಮಳೆ ಗಿಳೆ ಹೆಂಗೈತಮ್ಮ ಈ ವರ್ಷ?"

ಮುನಿಶಾಮಮ್ಮ ಗಂಡನನ್ನು ಒಂದು ಸಲ ನೋಡಿದಳು. ತುಪ್ಪದ ಗಡಿಗೆ ಈಸಿಕೊಂಡು ನಿಟ್ಟುಸಿರು ಬಿಟ್ಟಳು.

"ಮಳೆಗೇನೂ ಮೋಸ ಇಲ್ಲ ಅಣ್ಣ. ಕೋತಿ ಕಾಟಾನೇ ತಡಿಯಕ್ಕಾಗ್ತಿಲ್ಲ. ಬಾ, ಒಳಗೆ ಕೂತ್ಕೊ."